ಹೆದರಿದ ಬೂಟುಗಳು

ನನ್ನ ಬುಗುರಿಗೆ,

ಮೊದಲು ಒಂದು ಮಾತು. ಈ ಕಾಗದವನ್ನು ಬಲಗಾಲಿನ ಬೂಟಿನೊಳಗೆ ಇಟ್ಟು ಕಳಿಸುತ್ತಿದ್ದೇನೆ. ಓದುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ, ಕಾಲು ಹಾಕುವ ಮುಂಚೆ ಮಾತ್ರ ಇದನ್ನು ಹೊರಗೆ ತೆಗೆದುಬಿಡು. ಆ ಬೂಟಿನ ತುದಿಯಲ್ಲಿ ಒಂದು ಹಾಳೆ ಮಡಚಿಕೊಂಡು ಕೂತರೂ ಹೆಬ್ಬೆರಳಿಗೆ ಏನು ಗತಿಯಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಫೋನ್ ಮಾಡಬೇಡ ಎಂದೆಯಲ್ಲ, ಮಾಡಿಲ್ಲ. "ನಾಟಕ ಮುಗಿಯೋವರ್ಗೂ ಫೋನ್ ಮಾಡ್ಬೇಡಮ್ಮ. ನೀನು ಹಲೋ ಅನ್ನೋದ್ರಲ್ಲೇ ನನ್ ಕಾಲು ಮುರಿದಿರುತ್ತೆ" ಎಂದೆ. ನಿನ್ನಪ್ಪ ಪಕ್ಕದಲ್ಲೇ ನಿಂತು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಫೋನ್ ಕೈಗೆತ್ತಿಕೊಳ್ಳುವುದು, ನಿನ್ನ ಹೆಸರು ನೋಡುವುದು, ಮತ್ತೆ ಮಗುಚಿಡುವುದು, ಇದೇ ಆಗಿದೆ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದದಲ್ಲಿ ನನ್ನ ದನಿ ನಡುಗುವುದು ಕೇಳಿಸುವುದಿಲ್ಲ. ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ಟೇಬಲ್ ಸರಿಯಿಲ್ಲ ಎಂದುಕೋ.

ನನ್ನ ಕೆಲಸ ಎಂಥದೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಅದನ್ನು ಯಾವತ್ತೂ ನನ್ನ ಕಡೆಯಿಂದ ನೋಡಿಲ್ಲ. ಮೂಳೆ ಆಸ್ಪತ್ರೆಯ ನೆಲಮಹಡಿಯ ಆ ದಪ್ಪ ಬಾಗಿಲಿನ ಎಕ್ಸ್‌ರೇ ಕೋಣೆಗೆ ಕಾಲು ಸರಿಯಿರುವವರು ಯಾರೂ ಬರುವುದಿಲ್ಲ. ಮೆಟ್ಟಿಲು ತಪ್ಪಿದವರು, ಬಚ್ಚಲಲ್ಲಿ ಜಾರಿದವರು, ಬಸ್ಸು ನಿಲ್ಲುವ ಮುಂಚೆ ಇಳಿದವರು. ಅವರನ್ನು ಮಲಗಿಸಿ, ನೋಯುವ ಕಾಲನ್ನು ಬೇಕಾದ ಕಡೆಗೆ ತಿರುಗಿಸಿ, "ಅಲ್ಲಾಡಬೇಡಿ" ಎಂದು ಹೇಳಿ ಗಾಜಿನ ಹಿಂದಕ್ಕೆ ಹೋಗಿ ಗುಂಡಿ ಒತ್ತುವುದು. ದಿನವಿಡೀ ಅದೊಂದೇ ಮಾತು. ಅಲ್ಲಾಡಬೇಡಿ. ಮನೆಗೆ ಬರುವಾಗ ಆ ಮಾತನ್ನು ಏಪ್ರನ್ ಜೊತೆ ಗೂಟಕ್ಕೆ ನೇತುಹಾಕಿ ಬರಲು ನನಗೆ ಆಗಲೇ ಇಲ್ಲ.

ಅದರ ಮೇಲೆ ನೀನು ಹನ್ನೊಂದನೇ ವಯಸ್ಸಿಗೆ ಶಾಲೆಯ ಕಾಂಪೌಂಡಿನಿಂದ ಹಾರಿದೆ. ಗೆಳತಿಯರ ಜೊತೆ ಪಂದ್ಯವಂತೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ನಿನ್ನ ಕಾಲನ್ನು ನಾನೇ ತಿರುಗಿಸಿದೆ, ನಾನೇ ಗುಂಡಿ ಒತ್ತಿದೆ. ಪರದೆಯ ಮೇಲೆ ಪಾದದ ಕೀಲಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಬೇರೆಯವರ ಕಾಲಿನಲ್ಲಿ ಅಂಥ ಗೆರೆ ಕಂಡರೆ "ಏನೂ ಭಯ ಇಲ್ಲ, ಕೂಡಿಕೊಳ್ಳುತ್ತೆ" ಎನ್ನುತ್ತಿದ್ದೆ. ಕೂಡಿಕೊಂಡಿತು ಕೂಡ. ಡಾಕ್ಟರು ಕಾಲು ಮೊದಲಿನ ಹಾಗೇ ಇದೆ ಎಂದರು. ನೀನು ನಂಬಿದೆ, ನಿನ್ನಪ್ಪ ನಂಬಿದರು. ನಾನು ಮಾತ್ರ ನಂಬಲಿಲ್ಲ. ಅಂದಿನಿಂದ ಮೆಟ್ಟಿಲಾಗಲಿ, ಒದ್ದೆ ನೆಲವಾಗಲಿ, ನಿನ್ನ ಹಿಂದೆ ನಾನು. ನೋಡ್ಕೊಂಡು, ನಿಧಾನ, ಹುಷಾರು. "ನನ್ ಬಸ್ಸಿಗೂ ಇಷ್ಟು ಹಾರನ್ ಇಲ್ಲ ಕಣೆ" ಎಂದು ನಿನ್ನಪ್ಪ ಎಷ್ಟು ಸಲ ಅಂದಿದ್ದಾರೋ.

ಹೀಗಿರುವವಳ ಮುಂದೆ ನೀನು ಆ ಫೋಟೋ ತಂದು ಹಿಡಿದೆ.

ನಿನ್ನ ಸಂತೋಷ ನನಗೆ ಕಂಡಿರಲಿಲ್ಲವೆಂದು ತಿಳಿಯಬೇಡ. ಇಷ್ಟು ವರ್ಷ ಆ ನಾಟಕ ತಂಡದಲ್ಲಿ ಗುಂಪಿನ ಹಿಂದೆ ನಿಂತು, ಕುರ್ಚಿ ಎತ್ತಿಟ್ಟು, ಮೊದಲ ಸಲ ನಿನಗೆ ಅಂತಲೇ ಒಂದು ಪಾತ್ರ ಸಿಕ್ಕಿತ್ತು. ಆಟಿಕೆ ಅಂಗಡಿಯ ಕೀಲಿ ಗೊಂಬೆ. ಅಂಗಡಿ ಮುಚ್ಚಿದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬಂದು, ಬೀದಿ ನೋಡಬೇಕೆಂದು ಅಂಗಡಿಯ ಗಾಜಿನವರೆಗೆ ನಡೆದು ಬರುತ್ತಾಳೆ, ಗಾಜು ಮುಟ್ಟಿದ ಹೊತ್ತಿಗೆ ಕೀಲಿ ಮುಗಿಯುತ್ತದೆ. ಆ ಗಾಜಿನ ಜಾಗದಲ್ಲಿ ನಾವು ಪ್ರೇಕ್ಷಕರು ಕೂತಿರುತ್ತೇವೆ ಎಂದು ನೀನು ಹೇಳಿದಾಗ ನನಗೂ ಮೈ ಜುಮ್ಮೆಂದಿತು. ಆಮೇಲೆ ನಾಟಕ ಆಡಿಸುವ ನಿಮ್ಮ ದೊಡ್ಡ ಮೇಡಂ ಬಯಸಿದ ಬೂಟಿನ ಫೋಟೋ ತೋರಿಸಿದೆ. ನಾನು ಫೋನ್ ತಲೆಕೆಳಗಾಗಿದೆ ಎಂದುಕೊಂಡು ತಿರುಗಿಸಿ ಹಿಡಿದೆ. ಮೊಣಕಾಲಿನ ಕೆಳಗಿನವರೆಗೂ ಲೇಸು ಬಿಗಿಯುವ ಬೂಟು, ಅದರ ಅಟ್ಟೆ ನೆಲಕ್ಕೆ ಮಲಗಿರದೆ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ, ನೆಲಕ್ಕೆ ತಾಕುವುದು ಬೆರಳ ತುದಿ ಮಾತ್ರ, ಹಿಮ್ಮಡಿಯಿಂದ ಹೆಚ್ಚುಕಡಿಮೆ ಒಂದು ಗೇಣುದ್ದದ ಕಡ್ಡಿಯಂಥ ಹೀಲ್ ಕೆಳಗಿಳಿದಿದೆ.

"ಇದು ಹಾಕ್ಕೊಳ್ಳೋದಾ, ನೇತುಹಾಕೋದಾ?" ಎಂದೆ.

"ಅಮ್ಮಾ, ನಿಂಗೆ ಕಾಲಿನ ಒಳಗಡೆ ನೋಡೇ ಅಭ್ಯಾಸ. ಒಂದ್ಸಲ ಹೊರಗಡೆ ನೋಡು, ಎಷ್ಟು ಚೆನ್ನಾಗಿದೆ!" ಎಂದೆ ನೀನು.

ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಪಾದವನ್ನು ಹಾಗೆ ಕೆಳಕ್ಕೆ ಚಾಚಿದಾಗ ಪಾದದ ಕೀಲು ತನ್ನ ಗೂಡಿನಲ್ಲಿ ಸಡಿಲವಾಗಿರುತ್ತದೆಂದು ನನಗೆ ಗೊತ್ತು. ಎಲ್ಲರ ಕಾಲೂ ಹಾಗೆಯೇ. ನಿನ್ನ ಕಾಲಿನ ವಿಷಯ ಬೇರೆ. ಆ ಫೋಟೋದ ಬೂಟಿನೊಳಗೆ ನನಗೆ ಆ ಕೂದಲೆಳೆಯ ಗೆರೆಯೇ ಕಾಣುತ್ತಿತ್ತು.

ಬೇಡ ಎನ್ನಲು ಬಾಯಿ ಬರಲಿಲ್ಲ, ಅದಕ್ಕೆ ಅಳತೆ ತೆಗೆಯಲು ಕೂತೆ. ಮೊದಲನೇ ಜೋಡಿಯ ಕಥೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಿನ್ನನ್ನು ಹಾಳೆಯ ಮೇಲೆ ನಿಲ್ಲಿಸಿ, ಪೆನ್ಸಿಲ್ಲಿನಲ್ಲಿ ಪಾದದ ಸುತ್ತ ಗೆರೆ ಎಳೆದು, ಆಸ್ಪತ್ರೆಯ ಶಿಸ್ತಿನಲ್ಲಿ ಉದ್ದ ಅಗಲ ಬರೆದುಕೊಂಡು ಆರ್ಡರ್ ಹಾಕಿದೆವು. ಪೆಟ್ಟಿಗೆ ಬಂತು. ನೀನು ಮಂಚದ ಮೇಲೆ ಕೂತು ಕಾಲು ತೂರಿಸಿದೆ. ಕಾಲು ಬಾವಿಗೆ ಬಿದ್ದ ಕೊಡದ ಹಾಗೆ ಸರ್ರನೆ ಕೆಳಗಿಳಿದು ಬೆರಳುಗಳೆಲ್ಲ ತುದಿಯಲ್ಲಿ ಮುದುಡಿಕೊಂಡವು. ನೆಲದ ಮೇಲೆ ನಿಂತ ಪಾದ ಉದ್ದವಾಗಿ ಹರಡಿಕೊಳ್ಳುತ್ತದೆ, ಕೆಳಕ್ಕೆ ಚಾಚಿದ ಪಾದ ಗಿಡ್ಡವಾಗುತ್ತದೆ. ದಿನಕ್ಕೆ ಹತ್ತಾರು ಪಾದ ನೋಡುವ ನಾನು ಅದನ್ನು ಯೋಚಿಸಿರಲಿಲ್ಲ. ನೀನು ಗಾಬರಿಯಲ್ಲಿ ಲೇಸನ್ನು ಗಂಟು ಹಾಕಿಕೊಂಡೆ, ಬೂಟು ಬರಲೊಲ್ಲದು, ನಾನು ಎಳೆಯುತ್ತೇನೆ, ನೀನು ಕಿರುಚುತ್ತೀಯ. ನಿನ್ನಪ್ಪ ಬಾಗಿಲಲ್ಲಿ ನಿಂತು "ಕತ್ತರಿ ತರ್ಲಾ, ಆಂಬುಲೆನ್ಸ್ ತರ್ಲಾ?" ಎಂದರು. ಅವತ್ತು ಮೂವರೂ ನಕ್ಕೆವು. ಈ ಹುಚ್ಚು ಇಲ್ಲಿಗೇ ಮುಗಿಯಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಮುಗಿಯಲಿಲ್ಲ. ನೀನು ಹಳೇ ಸಿನಿಮಾ ಮಂದಿರದ ಹಿಂದಿನ ಓಣಿಯಲ್ಲಿ ಆ ಅಂಗಡಿ ಹುಡುಕಿದೆ. ಮೇಲಿನ ಮಹಡಿಗೆ ಇಕ್ಕಟ್ಟಾದ ಮೆಟ್ಟಿಲು, ಒಳಗೆ ಸಾಲಾಗಿ ವಿಗ್ಗುಗಳು, ಮುಖವಾಡಗಳು, ರೆಕ್ಕೆಗಳು. ಆ ಬೂಟನ್ನು ಕೇಳಲು ನನಗೆ ಎಷ್ಟು ಮುಜುಗರ ಎಂದರೆ ಗುಟ್ಟಿನ ರೋಗಕ್ಕೆ ಔಷಧಿ ಕೇಳುವವಳ ಹಾಗೆ ಪಿಸುಗುಟ್ಟಿದೆ. ಅಂಗಡಿಯವಳು ಕಿವುಡಿಯೇನಲ್ಲ, ಆದರೂ "ಏನು? ಗೊಂಬೆ ಬೂಟಾ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅವಳ ಕಾಲಿನಲ್ಲಿ ಸವೆದುಹೋದ ಚಪ್ಪಟೆ ರಬ್ಬರ್ ಚಪ್ಪಲಿ. "ನೀವು ಇದನ್ನ ಹಾಕ್ಕೊಂಡು ನೋಡಿದ್ದೀರಾ?" ಎಂದು ಕೇಳಿದೆ. "ಅಯ್ಯೋ, ನಾನು ಮಾರ್ತೀನಿ ಅಷ್ಟೇ ಮೇಡಂ. ಸಂಜೆ ನಡ್ಕೊಂಡು ಮನೆಗೆ ಹೋಗ್ಬೇಕಲ್ಲ" ಎಂದಳು. "ಬಿದ್ರೆ?" ಎಂದೆ. "ಬಿದ್ರೆ ಏಳ್ಬೇಕು. ವಾಪಸ್ ತಗೊಳಲ್ಲ" ಎಂದಳು.

ನಿನ್ನನ್ನು ಎತ್ತರದ ಟೇಬಲ್ ಮೇಲೆ ಕೂರಿಸಿ, ನಿದ್ದೆ ಬಂದವರ ಹಾಗೆ ಕಾಲು ಜೋತುಬಿಡಿಸಿ ಅಳತೆ ತೆಗೆದಳು. ಒಂದು ಜೋಡಿ ಬಿಗಿಯಾಯಿತು, ಇನ್ನೊಂದು ಅಗಲವಾಯಿತು. ಕೊನೆಗೆ ಆ ದಂತದ ಬಣ್ಣದ ಜೋಡಿ ಬಂತು. ಲೇಸು ಬಿಗಿದು, ಅಂಗಡಿಯೊಳಗಿನ ಎರಡು ಕಬ್ಬಿಣದ ಕಂಬಗಳ ನಡುವೆ ನೀನು ಎದ್ದು ನಿಂತೆ. ನನ್ನ ಮಗಳ ಮುಖವನ್ನು ಕತ್ತೆತ್ತಿ ನೋಡಬೇಕಾಯಿತು. ನೀನು ತುಟಿ ಕಚ್ಚಿಕೊಂಡಿದ್ದೆ, ಕಣ್ಣು ಮಾತ್ರ ಹೊಳೆಯುತ್ತಿದ್ದವು. ನಾನು ಹಿಂದಿನಿಂದ ಹೋಗಿ ಎರಡೂ ಕೈಯಲ್ಲಿ ನಿನ್ನ ಸೊಂಟ ಹಿಡಿದೆ. "ಬಿಡಮ್ಮ" ಎಂದೆ ನೀನು. ನಾನು ಬಿಡಲಿಲ್ಲ. "ಹಿಂದಿಂದ ಹಿಡಿದ್ರೆ ಅವರು ಹಿಂದಕ್ಕೇ ವಾಲ್ತಾರೆ ಮೇಡಂ" ಎಂದು ಅಂಗಡಿಯವಳು ರಸೀದಿ ಬರೆಯುತ್ತಲೇ ಹೇಳಿದಳು. ಆ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಮೇಲೆ ಬಂತು ಪಳಗಿಸುವ ಮಾತು. ಹೊಸ ಬೂಟು ಮರದ ಹಾಗೆ ಗಟ್ಟಿ, ಒಳಗೆ ಉಕ್ಕಿನ ಪಟ್ಟಿ ಬೇರೆ. ಪಾತ್ರ ಮಾಡುವವರ ಕಾಲು ಮೊದಲೇ ಹುಣ್ಣಾಗಬಾರದೆಂದು ನಿಮ್ಮ ತಂಡದಲ್ಲಿ ಅದೇ ಅಳತೆಯ ಕಾಲಿನ ಇನ್ನೊಬ್ಬರು ಹಾಕಿಕೊಂಡು ಓಡಾಡಿ ಚರ್ಮವನ್ನು ಮೆತ್ತಗೆ ಮಾಡಿ ಕೊಡುತ್ತಾರಂತೆ. ನೀನು ವೇಷಭೂಷಣದ ಹುಡುಗಿಗೆ ಕೊಡುವವಳಿದ್ದೆ. ನಾನೇ ಮಾಡುತ್ತೇನೆ ಎಂದೆ. ನನ್ನ ಕಾಲೂ ನಿನ್ನ ಕಾಲೂ ಒಂದೇ ಅಳತೆ ಎಂಬುದಕ್ಕೆ ನೀನು ಶಾಲೆಯ ದಿನಗಳಿಂದ ಕದ್ದು ಸವೆಸಿದ ನನ್ನ ಚಪ್ಪಲಿಗಳೇ ಸಾಕ್ಷಿ. ನೀನು ಉಸಿರು ಕಟ್ಟುವಷ್ಟು ನಕ್ಕೆ. "ನೀನಾ? ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೊಳ್ಳೋಳು!"

ಯಾಕೆ ಮುಂದಾದೆ ಎಂದು ಈಗ ಹೇಳಿಬಿಡುತ್ತೇನೆ. ಸಹಾಯ ಮಾಡುವ ಮನಸ್ಸಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಆ ಬೂಟು ಎಷ್ಟು ಕೆಟ್ಟದ್ದೆಂದು ಸ್ವಂತ ಕಾಲಿನಲ್ಲಿ ನೋಡಬೇಕಿತ್ತು. ನನ್ನನ್ನು ಕೆಡವಿದರೆ, ನಿನ್ನ ಮುಂದೆ ಬಂದು "ನೋಡು, ಇದು ಆಗೋ ಮಾತಲ್ಲ" ಎಂದು ಹೇಳಿ ಮುಗಿಸಬಹುದಿತ್ತು.

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು, ನಿನ್ನಪ್ಪ ಬರುವ ಮುಂಚೆ, ಅಡುಗೆಮನೆಯಲ್ಲಿ ನನ್ನ ಸರ್ಕಸ್ಸು ಶುರುವಾಗುತ್ತಿತ್ತು. ಲೇಸು ಬಿಗಿಯುವುದರಲ್ಲೇ ಅರ್ಧ ಸುಸ್ತು. ಎದ್ದು ನಿಂತರೆ ಮೈಭಾರವೆಲ್ಲ ಹೆಬ್ಬೆರಳಿಗೆ ಇಳಿದು, ಮೀನಖಂಡ ಕಲ್ಲಾಗಿ, ಕಣ್ಣಿಗೆ ಕತ್ತಲೆ ಬರುತ್ತಿತ್ತು. ನೆಲ ಎಷ್ಟು ದೂರ ಹೋಗಿಬಿಟ್ಟಿತ್ತು! ಇಷ್ಟು ವರ್ಷ ಬಾಳಿದ ಅಡುಗೆಮನೆಯ ಕಪಾಟಿನ ತಲೆಯ ಮೇಲೆ ಅಷ್ಟು ಧೂಳಿದೆ ಎಂದು ಮೊದಲ ಸಲ ಕಂಡೆ. ಕಟ್ಟೆಯ ಅಂಚು ಹಿಡಿದು ಟೇಬಲ್ಲಿನವರೆಗೆ, ಟೇಬಲ್ಲಿನಿಂದ ಫ್ರಿಜ್ಜಿನವರೆಗೆ. ಒಮ್ಮೆ ಫ್ರಿಜ್ಜಿನ ಹಿಡಿಯನ್ನೇ ನಂಬಿ ನೇತುಬಿದ್ದೆ. ಬಾಗಿಲು ತೆರೆದುಕೊಂಡು ನನ್ನನ್ನೂ ಎಳೆದುಕೊಂಡು ಹೋಯಿತು. ನೆಲದ ಮೇಲೆ ಕೂತು, ಮುಖಕ್ಕೆ ಫ್ರಿಜ್ಜಿನ ತಂಪು ಗಾಳಿ ಬಡಿಸಿಕೊಳ್ಳುತ್ತಾ, ಎದುರಿಗಿದ್ದ ಹಾಲಿನ ಪಾತ್ರೆ ನೋಡುತ್ತಾ ಎಷ್ಟೋ ಹೊತ್ತು ಹಾಗೇ ಇದ್ದೆ. ಏಳುವುದು ಹೇಗೆಂದು ಗೊತ್ತಾಗಲಿಲ್ಲ.

ಆದರೂ ಬಿಡಲಿಲ್ಲ. ದಿನೇ ದಿನೇ ಚರ್ಮ ಮೆತ್ತಗಾಯಿತು. ನಾನು ಬೀಳುವುದೂ ಕಡಿಮೆಯಾಯಿತು. ಯಾಕೆ ಕಡಿಮೆಯಾಯಿತೆಂದರೆ, ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಭಾರವನ್ನೆಲ್ಲ ಹಿಂದಕ್ಕೆ, ಹೀಲಿನ ಮೇಲೆ ಹಾಕಿ, ಸೊಂಟ ಹಿಂದೆ ಚಾಚಿ, ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೆಜ್ಜೆ ಇಡುವುದು. ನೋವೂ ಕಡಿಮೆ, ಭಯವೂ ಕಡಿಮೆ. ಹಾಗೆ ಪಳಗಿಸಿ, ಒರೆಸಿ, ಹೊಳಪು ಹಾಕಿ ನಿನಗೆ ಕೊಟ್ಟೆ. ಪರೀಕ್ಷೆ ಪಾಸಾದವಳ ಹಾಗೆ ಬೀಗಿದ್ದೆ.

ಅದರ ಫಲ ಏನಾಯಿತೆಂದು ನಿನಗೆ ಗೊತ್ತು. ತಾಲೀಮಿನಲ್ಲಿ ಪೆಟ್ಟಿಗೆಯಿಂದ ಹೊರಗೆ ಬಂದ ಗೊಂಬೆ ಕೆಲವೇ ಹೆಜ್ಜೆಗೆ ಹಿಂದಕ್ಕೆ ಬಿದ್ದಳು. ಯಾರೋ ನಿನ್ನನ್ನು ಹೆಗಲ ಮೇಲೆ ಕೈ ಹಾಕಿಸಿಕೊಂಡು ನನ್ನ ಕೋಣೆಗೇ ಕರೆತಂದರು. ಬಾಗಿಲು ತೆರೆದು ನಿನ್ನನ್ನು ಕಂಡೆ. ಅದೇ ಕಾಲು. ಅದೇ ಟೇಬಲ್. ಕಾಲನ್ನು ತಿರುಗಿಸಿಟ್ಟು "ಅಲ್ಲಾಡಬೇಡ" ಎಂದೆ. ನೀನು ಚಾವಣಿ ನೋಡುತ್ತಾ ಮಲಗಿದ್ದೆ. ಪರದೆಯ ಮೇಲೆ ಗೆರೆ ಇರಲಿಲ್ಲ. ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಇರಲಿಲ್ಲ. ಬರೀ ಉಳುಕು. ಗಾಜಿನ ಹಿಂದೆ ನಿಂತು ಅತ್ತದ್ದು ನಿನಗೆ ಕಾಣಿಸಿರಲಾರದು.

ಹೊರಗೆ ಬಂದಾಗ ನೀನು ಎದ್ದು ಕೂತಿದ್ದೆ. ಬೈಯುತ್ತೀಯ ಎಂದುಕೊಂಡೆ. ನೀನು ಬೈಯಲಿಲ್ಲ, ಅದೇ ಕಷ್ಟವಾಯಿತು. "ಬೂಟು ಹಿಂದಕ್ಕೆ ಎಳೀತವೆ ಅಮ್ಮ. ನಿನ್ ಥರಾನೇ. ಅವು ನಿನ್ನ ಹತ್ರ ಇದ್ದೂ ಇದ್ದೂ ಹೆದರ್ಕೊಂಡ್ಬಿಟ್ಟಿವೆ" ಎಂದೆ. ಆಮೇಲೆ ನಿಧಾನವಾಗಿ, ಪೆಟ್ಟಾಗದ ಹಾಗೆ ಜೋಡಿಸಿಕೊಂಡು, ಇನ್ನೊಂದು ಮಾತು ಹೇಳಿದೆ. "ಆವತ್ತು ನೀನು ಬರ್ಬೇಡಮ್ಮ. ಬೇಜಾರ್ ಮಾಡ್ಕೊಬೇಡ. ನಾನು ಮುಂದಕ್ಕೆ ನಡ್ಕೊಂಡು ಬರೋವಾಗ ಎದುರಿಗೆ ನಿನ್ ಮುಖ ಕಂಡ್ರೆ ನಾನು ಖಂಡಿತ ಬೀಳ್ತೀನಿ." ಅಂದೇ ನೀನು ಬಟ್ಟೆ ತುಂಬಿಕೊಂಡು ತಂಡದವರ ಕೋಣೆಗೆ ಹೋದೆ. ಬೂಟಿನ ಚೀಲ ನಮ್ಮ ಬಾಗಿಲ ಹಿಂದೆ ಉಳಿಯಿತು.

ಅಂಗಡಿಯವಳು ಸರಿಮಾಡಿ ಕೊಡುತ್ತಾಳೆ ಎಂದು ನಿನ್ನಪ್ಪ ನಿನಗೆ ಹೇಳಿದ್ದು ಅರ್ಧ ನಿಜ. ನಾನೇ ಚೀಲ ಹೊತ್ತುಕೊಂಡು ಆ ಮೆಟ್ಟಿಲು ಹತ್ತಿದೆ. ಅವಳು ಬೂಟನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿದಳು. ಹೀಲ್ ಹಿಂದಕ್ಕೆ ವಾಲಿತ್ತು, ಹಿಮ್ಮಡಿಯ ಮೇಲಿನ ಚರ್ಮ ಹಿಂದಕ್ಕೆ ಉಬ್ಬಿತ್ತು. "ಯಾರಿದನ್ನ ಕುರ್ಚಿ ಮಾಡ್ಕೊಂಡು ಕೂತಿದ್ರು?" ಎಂದಳು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿರಬೇಕು, ಮತ್ತೆ ಕೇಳಲಿಲ್ಲ. ಆ ಅಳತೆಯ ಇನ್ನೊಂದು ಜೋಡಿ ನಾಟಕದ ದಿನದೊಳಗೆ ಬರುವ ಮಾತೇ ಇಲ್ಲವಂತೆ. ಒಳಗಿನ ಉಕ್ಕಿನ ಪಟ್ಟಿ ಬದಲಿಸಿ, ಹೀಲನ್ನು ನೆಟ್ಟಗೆ ಮಾಡಿಕೊಟ್ಟಳು. "ಚರ್ಮ ಮಾತ್ರ ನನ್ ಕೈಲಾಗಲ್ಲ. ಕಾಲು ಹಿಂದಕ್ಕೆ ಬಗ್ಗಿಸಿದ್ದನ್ನ ಕಾಲೇ ಮುಂದಕ್ಕೆ ತರ್ಬೇಕು" ಎಂದಳು. ನಿನ್ನ ಕಾಲು ಉಳುಕಿ ಪಟ್ಟಿ ಸುತ್ತಿಕೊಂಡಿತ್ತು. ಉಳಿದದ್ದು ನನ್ನ ಕಾಲು.

ಬುಗುರಿ, ಆ ದಿನಗಳನ್ನು ಹೇಗೆ ಹೇಳಲಿ? ಹಿಂದಕ್ಕೆ ವಾಲಿ ನಡೆಯುವುದು ಸುಲಭವಾಗಿತ್ತು. ಮುಂದಕ್ಕೆ ಬಾಗು ಎಂದರೆ ಮೈ ಕೇಳಬೇಕಲ್ಲ! ಬೆರಳ ತುದಿಗೆ ಭಾರ ಹೋದ ಕೂಡಲೇ ಸೊಂಟ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ನಾನು ಪ್ರತಿ ಸಲವೂ ಕೆಳಗೆ ನೋಡುತ್ತಿದ್ದೆ, ಕೆಳಗೆ ನೋಡಿದಾಗಲೆಲ್ಲ ಮುರಿದ ಕಾಲುಗಳೇ ಕಣ್ಣ ಮುಂದೆ ಬರುತ್ತಿದ್ದವು, ನನ್ನದೋ ನಿನ್ನದೋ ಗೊತ್ತಾಗುತ್ತಿರಲಿಲ್ಲ. ನಾಟಕದ ದಿನ ಹತ್ತಿರ ಬರುತ್ತಿತ್ತು. ಬೂಟು ಹೀಗೇ ಉಳಿದರೆ ನಿನ್ನ ಪಾತ್ರ ಹೋಗುತ್ತದೆ, ಇಲ್ಲ ನಿನ್ನ ಕಾಲು ಹೋಗುತ್ತದೆ. ಯಾವುದು ಹೋದರೂ ಅದು ನನ್ನಿಂದ. ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಿನ್ನಪ್ಪನ ಬಸ್ಸು ಕೆಟ್ಟು ಅವರು ಬೇಗ ಮನೆಗೆ ಬಂದರು. ನಾನು ಆ ಗೇಣುದ್ದದ ಹೀಲಿನ ಮೇಲೆ, ಆಸ್ಪತ್ರೆಯ ಸಮವಸ್ತ್ರದಲ್ಲಿ, ಎರಡೂ ಕೈಯಲ್ಲಿ ಕಪಾಟು ತಬ್ಬಿಕೊಂಡು ನಿಂತಿದ್ದೆ. ಅವರು ನೋಡಿದರು. ಊಟದ ಡಬ್ಬಿ ಕೆಳಗಿಟ್ಟರು. ಆಮೇಲೆ ಗೋಡೆ ಹಿಡಿದು, ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಓಡಿಹೋಗಲು ಕಾಲು ಬೇಕಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ.

ನಗು ನಿಂತಿತು. "ಕೆಳಗೆ ಯಾಕೆ ನೋಡ್ತೀಯ? ಬಾನೆಟ್ ನೋಡ್ಕೊಂಡು ಗಾಡಿ ಓಡ್ಸೋಕಾಗುತ್ತಾ?" ಎಂದರು. "ಮತ್ತೆ ಎಲ್ಲಿ ನೋಡ್ಲಿ?" ಎಂದೆ. ಅವರು ಎದ್ದು ಹೋಗಿ ಪಡಸಾಲೆಯ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಎರಡೂ ಕೈಯನ್ನು ಮುಂದೆ ಚಾಚಿ ಬಿಚ್ಚಿದರು. "ಇಲ್ಲಿ ನೋಡು. ಬಾ" ಎಂದರು.

ಆ ಕೈಗಳನ್ನು ನಾನು ಮೊದಲು ನೋಡಿದ್ದೆ. ನೀನು ಮೊದಲ ಸಲ ನಡೆದ ದಿನ ಅವರು ಹೀಗೆಯೇ ಕೂತಿದ್ದರು. ನಾನು ನಿನ್ನ ಹಿಂದೆ, ನಿನ್ನ ಫ್ರಾಕಿನ ಚುಂಗು ಹಿಡಿದು, ಬಗ್ಗಿಕೊಂಡೇ ಬರುತ್ತಿದ್ದೆ. ಒಂದು ಗಳಿಗೆಯಲ್ಲಿ ನೀನು ನನ್ನ ಕೈಯಿಂದ ಚುಂಗು ಕಿತ್ತುಕೊಂಡು, ತೂರಾಡುತ್ತಾ, ಕೇಕೆ ಹಾಕುತ್ತಾ ಅವರ ಕೈಗೆ ಹೋಗಿ ಬಿದ್ದೆ. ಹಿಂದೆ ನಾನು ಹಿಡಿದಿದ್ದಕ್ಕೇ ನೀನು ನಡೆಯಲು ಕಲಿತೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಕಪಾಟು ಬಿಟ್ಟೆ. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಅವರ ಅಂಗೈ ಮಾತ್ರ ನೋಡಿದೆ, ಸ್ಟಿಯರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಅಂಗೈ. ಭಾರ ಬೆರಳ ತುದಿಗೆ ಬಂತು. ನೋವಾಯಿತು, ತುಂಬಾ ನೋವಾಯಿತು. ಆದರೆ ಬೂಟು ಮೊದಲ ಸಲ ನನ್ನ ಕೆಳಗೆ ಸರಿಯಾಗಿ ನಿಂತಿತು. ಪುಟ್ಟ ಹೆಜ್ಜೆ, ಮತ್ತೊಂದು ಪುಟ್ಟ ಹೆಜ್ಜೆ. ಕೊನೆಗೆ ಹೋಗಿ ಅವರ ಮೇಲೆ ಬಿದ್ದೆ, ಇಬ್ಬರೂ ನೆಲದ ಮೇಲೆ. ಕೆಳಗಿನ ಮನೆಯವರು ಕೋಲಿನಲ್ಲಿ ಸೂರು ಕುಟ್ಟಿದರು. "ನೋಡು, ಚಪ್ಪಾಳೆ ಹೊಡೀತಿದ್ದಾರೆ" ಎಂದರು ನಿನ್ನಪ್ಪ.

ಅಂದಿನಿಂದ ಪಡಸಾಲೆಯಲ್ಲಿ ದಿನವೂ ಇದೇ. ಅವರು ಆ ಕಡೆ ಕೂರುವುದು, ನಾನು ಈ ಕಡೆಯಿಂದ ಹೊರಡುವುದು. ಆ ಬೂಟಿನಲ್ಲಿ ಮರದ ಹಾಗೆ ನಿಂತರೆ ಬೀಳುತ್ತೇವೆ ಎಂಬುದು ನಿನಗೆ ಮೊದಲೇ ಗೊತ್ತಿತ್ತೇನೋ, ನನಗೆ ಹೊಸದು. ಒಂದಿಷ್ಟು ಮುಂದೆ, ಒಂದಿಷ್ಟು ಪಕ್ಕಕ್ಕೆ, ಮೈ ಸಣ್ಣಗೆ ಅಲ್ಲಾಡುತ್ತಲೇ ಇರಬೇಕು, ಆಗ ಮಾತ್ರ ಅದು ನಮ್ಮನ್ನು ನಿಲ್ಲಗೊಡುತ್ತದೆ. ಜೀವಮಾನವೆಲ್ಲ ಅಲ್ಲಾಡಬೇಡ ಎಂದು ಹೇಳಿದವಳಿಗೆ ಅದನ್ನು ಕಲಿಯಲು ಮೈಯೆಲ್ಲ ನೋಯಿಸಿಕೊಳ್ಳಬೇಕಾಯಿತು. ನಿನ್ನೆ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿಯನ್ನು ಮಲಗಿಸಿ ಬಾಯಿ ತೆರೆದೆ, ಮಾತು ಅರ್ಧಕ್ಕೇ ನಿಂತಿತು. "ಏನಮ್ಮ, ಅಲ್ಲಾಡ್ಲೋ ಬೇಡ್ವೋ?" ಎಂದು ಅಜ್ಜಿ ಕೇಳಿದರು.

ನಿನ್ನೆ ಸಂಜೆಯೇ ಬೂಟನ್ನು ಅಂಗಡಿಯವಳಿಗೆ ತೋರಿಸಿ ಬಂದೆ. ಮತ್ತೆ ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿ, "ಸರಿಹೋಗಿವೆ" ಎಂದಳು. ನನಗೆ ಮಾತ್ರ ಎಡಗಾಲಿನದರ ಮೇಲೆ ಸ್ವಲ್ಪ ಅನುಮಾನ. ಅದು ಇನ್ನೂ ಒಂಚೂರು ನನ್ನ ಮಾತೇ ಕೇಳುತ್ತದೆ. ಅದನ್ನು ಗದರಿಸಿಕೊಂಡು ನಡೆ. ಲೇಸನ್ನು ಪಾದದ ಬೆನ್ನಿನ ಮೇಲೆ ಬಿಗಿ ಮಾಡು, ಭಾರ ಅಲ್ಲಿ ತೂಗಿಕೊಂಡರೆ ಬೆರಳಿಗೆ ಅಷ್ಟು ಪೆಟ್ಟಿಲ್ಲ. ಬೆರಳ ತುದಿಗೆ ಹತ್ತಿ ಇಟ್ಟುಕೋ. ರಂಗದ ಮೇಲೆ ನೀರು ಗೀರು ಚೆಲ್ಲಿದೆಯೇ ಎಂದು ಯಾರಿಗಾದರೂ ಹೇಳಿ ನೋಡಿಸು. ಉಳುಕಿದ ಕಾಲಿಗೆ ಪಟ್ಟಿ… ನೋಡಿದೆಯಾ, ಶುರುವಾಯಿತು. ನಿಲ್ಲಿಸಿದೆ.

ಹೆದರಿಕೆ ಹೋಗಿದೆ ಎಂದು ಮಾತ್ರ ತಿಳಿಯಬೇಡ. ನೀನು ಬೀಳಬಹುದು. ಬಿದ್ದರೆ ಏನೇನಾಗುತ್ತದೆಂದು ನನ್ನಷ್ಟು ವಿವರವಾಗಿ ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನಿನ್ನಪ್ಪನ ಕೈಯಲ್ಲಿ ಮೊದಲ ಸಾಲಿನ ಎರಡು ಟಿಕೆಟ್ ಇವೆ. ಒಂದು ಅವರದು. ಬೂಟನ್ನು ನಿನಗೆ ಕೊಟ್ಟು ಅವರು ಪಕ್ಕದ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಇದನ್ನು ಓದಿ ಅವರಿಗೆ ಒಂದು ಮಾತು ಹೇಳಿ ಕಳಿಸು. ಬೇಡ ಎಂದರೆ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಬೇಜಾರಿಲ್ಲ. ಬೇಜಾರಿದೆ, ಆದರೆ ಕೂತಿರುತ್ತೇನೆ. ಬಾ ಎಂದರೆ ಒಳಗೆ ಬರುತ್ತೇನೆ.

ಮುಖದ ವಿಷಯಕ್ಕೆ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೇನೆ. "ಮೊದ್ಲು ಸಾವಿನ ಮನೇಲಿ ಕೂತ ಹಾಗಿರ್ತಿದ್ದೆ, ಈಗ ಬರೀ ಹಲ್ಲುನೋವು ಬಂದ ಹಾಗಿದ್ದೀಯ, ಪರವಾಗಿಲ್ಲ" ಎಂದಿದ್ದಾರೆ ನಿನ್ನಪ್ಪ. ಇದಕ್ಕಿಂತ ಒಳ್ಳೆಯ ಮುಖ ನನ್ನ ಹತ್ತಿರ ಇಲ್ಲ ಮಗಳೇ. ಆದ್ದರಿಂದ ಮುಖ ನೋಡಬೇಡ. ಪೆಟ್ಟಿಗೆಯಿಂದ ಹೊರಗೆ ಬಂದು ನಮ್ಮ ಕಡೆ ನಡೆಯಲು ಶುರುಮಾಡಿದಾಗ ನನ್ನ ತೊಡೆಯ ಮೇಲೆ ನೋಡು. ಎರಡೂ ಕೈ ಬಿಚ್ಚಿ ಇಟ್ಟುಕೊಂಡಿರುತ್ತೇನೆ. ಬೀಳುತ್ತೀಯೆಂದು ಚಾಚಿದ ನನ್ನ ಕೈ ಹೇಗಿರುತ್ತದೆಂದು ನಿನಗೆ ಚೆನ್ನಾಗಿ ಗೊತ್ತು. ಬಾ ಎಂದು ಚಾಚಿದ್ದು ಹೇಗಿರುತ್ತದೆಂದು ಒಂದು ಸಲ ನೋಡು.

ನಿನ್ನ ಕಾಲು ನಿನ್ನ ಮಾತು ಕೇಳಲಿ. ಎಷ್ಟು ಬೇಕೋ ಅಷ್ಟು ಅಲ್ಲಾಡುತ್ತಾ ಬಾ, ನನ್ನ ಬುಗುರಿ.

ಇಷ್ಟು ದಿನ ಹಿಂದೆ ನಿಂತಿದ್ದ,
ನಿನ್ನ ಅಮ್ಮ